ಸಹಿ ಮಾಡದ ಅಪ್ಪ, ಹೆಬ್ಬಟ್ಟು ಒತ್ತಿದ ಅಪ್ಪ

ನಾನೂ ನಕ್ಕೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಇಳಕಲ್ಲಿನ ನೇಕಾರ ಗೆಳೆಯನೊಬ್ಬನ ಮನೆ. ಮಗ್ಗ ಸುಮ್ಮನಾದ ಮೇಲೆ ರಾತ್ರಿ ಹತ್ತು ಹನ್ನೆರಡು ಜನ ಒತ್ತೊತ್ತಾಗಿ ಕೂತು ‘ತಿಥಿ’ ಚಿತ್ರ ನೋಡಿದೆವು. ಮೂವರು ಮಾಸ್ತರರು, ನಾಲ್ವರು ಕಾಲೇಜು ಹುಡುಗರು, ಉಳಿದವರು ಮಗ್ಗದವರು ಮತ್ತು ಕೆಂಪು ಕಲ್ಲಿನ ಕ್ವಾರಿಗೆ ಹೋಗುವವರು. ರಾಮ್ ರೆಡ್ಡಿ ಎಂಬ ತರುಣ ಮಾಡಿದ ಚಿತ್ರ ಅದು. ಕಥೆ ಕಟ್ಟುವುದರಲ್ಲಿ ಮಂಡ್ಯ ಸೀಮೆಯವರೇ ಆದ ಈರೇಗೌಡರ ಪಾಲು ದೊಡ್ಡದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದು, 2016ರಲ್ಲಿ ನಮ್ಮ ಟಾಕೀಜುಗಳಿಗೆ ಬಂತು. ನಟಿಸಿದವರು ಊರ ಜನರೇ, ಮುಖಕ್ಕೆ ಬಣ್ಣ ಹಚ್ಚಿ ಗೊತ್ತಿದ್ದವರಲ್ಲ. ಮಂಡ್ಯದ ಮಾತು ನಮ್ಮ ಹುಡುಗರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನಗುವುದಕ್ಕೆ ಅದು ಅಡ್ಡಿಯಾಗಲಿಲ್ಲ.

ನೋಡದವರಿಗೆ ಕಥೆ ಇಷ್ಟು. ನೂರೊಂದು ವರ್ಷದ ಮುದುಕ ಸೆಂಚುರಿ ಗೌಡ ಹಾದಿಯಲ್ಲಿ ಹೋಗಿಬರುವವರನ್ನೆಲ್ಲ ಬೈಯುತ್ತ ಬೈಯುತ್ತ ಒಂದು ದಿನ ಸತ್ತುಹೋಗುತ್ತಾನೆ. ಹನ್ನೊಂದನೆಯ ದಿನ ತಿಥಿ ಆಗಬೇಕು. ಮುದುಕನ ಮಗ ಗಡ್ಡಪ್ಪ. ಬಿಳಿ ಗಡ್ಡ ಬಿಟ್ಟುಕೊಂಡು, ಕಿಸೆಯಲ್ಲಿ ಟೈಗರ್ ಬ್ರಾಂಡಿ ಇಟ್ಟುಕೊಂಡು, ಹೊಲದ ಬದುವಿನ ಮೇಲೆ ತಿರುಗುತ್ತಿರುತ್ತಾನೆ. ಅಪ್ಪ ಸತ್ತನಂತೆ ಅಂದರೂ ಅವನಿಗೆ ಅವಸರವಿಲ್ಲ. ಗಡ್ಡಪ್ಪನ ಮಗ ತಮ್ಮಣ್ಣನಿಗೆ ಮಾತ್ರ ಅವಸರ. ಮುದುಕನ ಹೆಸರಿನಲ್ಲಿರುವ ಐದು ಎಕರೆ ಮಾರಬೇಕು. ಅದಕ್ಕೆ ಗಡ್ಡಪ್ಪನ ಸಹಿ ಬೇಕು. ಗಡ್ಡಪ್ಪ ಬರುವುದಿಲ್ಲ, ಒಲ್ಲೆ ಅನ್ನುತ್ತಾನೆ. ಕೊನೆಗೆ ತಮ್ಮಣ್ಣ ಸಾಲ ಮಾಡಿ, ಲಂಚ ಕೊಟ್ಟು, ಬದುಕಿರುವ ಅಪ್ಪನಿಗೆ ಸತ್ತ ಸರ್ಟಿಫಿಕೇಟು ಮಾಡಿಸುತ್ತಾನೆ. ಅಪ್ಪನ ಕೈಗೆ ದುಡ್ಡು ಕೊಟ್ಟು, ದೇಶ ನೋಡಿಕೊಂಡು ಬಾ ಅಂತ ಊರು ಬಿಡಿಸುತ್ತಾನೆ. ಮೊಮ್ಮಗ ಅಭಿಗೆ ಇದಾವುದೂ ಬೇಡ, ಕುರಿಯವರ ಹುಡುಗಿಯ ಹಿಂದೆ ಬಿದ್ದಿದ್ದಾನೆ.

ಸತ್ತ ಸರ್ಟಿಫಿಕೇಟಿನ ಜಾಗಕ್ಕೆ ಬಂದಾಗ ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನನ್ನ ನಗು ಅಲ್ಲೇ ನಿಂತುಹೋಯಿತು. ಪಕ್ಕದಲ್ಲಿದ್ದ ಹುಡುಗ ಕೇಳಿದ, “ಯಾಕ್ರಿ ಸರ, ಹೊಟ್ಟಿ ನೋಯತೈತೇನ್ರಿ?”

ಗೆಳೆಯರೆ, ನಾನೂ ನನ್ನ ಅಪ್ಪನನ್ನು ಕಾಗದದ ಮೇಲೆ ಕೊಂದವನು. ಲಂಚ ಕೊಡಲಿಲ್ಲ, ಸಾಲ ಮಾಡಲಿಲ್ಲ. ಒಂದು ಬಾಲ್‌ಪೆನ್ನು ಸಾಕಾಯಿತು.

1984ನೇ ಇಸವಿ. ಹುನಗುಂದದ ಕಡೆಯ ನಮ್ಮ ಹಳ್ಳಿಯ ಮಾದರ ಕೇರಿಯಿಂದ ಪಿಯುಸಿ ಓದಲು ಬಾಗಲಕೋಟೆಗೆ ಹೋದ ಮೊದಲನೆಯವನು ನಾನು. ಹಾಸ್ಟೆಲ್ಲಿನ ಅರ್ಜಿಯಲ್ಲಿ ತಂದೆಯ ಹೆಸರು, ಉದ್ಯೋಗ, ವಿಳಾಸ ಅಂತ ಗೆರೆ ಇದ್ದವು. ಉದ್ಯೋಗ ಏನು ಬರೆಯಬೇಕು? ಸತ್ತವರ ಮನೆಯ ಮುಂದೆ ಹಲಗಿ ಬಾರಿಸುತ್ತಾನೆ ಅಂತಲೇ? ಬಾರಿಸಿ ಬಂದ ರೊಕ್ಕ ಸಾರಾಯಿ ಅಂಗಡಿಗೆ ಕೊಡುತ್ತಾನೆ ಅಂತಲೇ? ನನ್ನ ಹಿಂದೆ ಸಾಲು ನಿಂತಿತ್ತು. ‘ತೀರಿಕೊಂಡಿದ್ದಾರೆ’ ಅಂತ ಬರೆದೆ. ಬರೆದ ಮೇಲೆ ಹಗುರಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಎರಡು ತಿಂಗಳಿಗೆ ಸತ್ತ ಅಪ್ಪ ಹಾಸ್ಟೆಲ್ಲಿಗೆ ಬಂದ. ತಲೆಗೆ ರುಮಾಲು, ಬಗಲಲ್ಲಿ ರೊಟ್ಟಿಯ ಗಂಟು, ಕೆಂಪು ಚಟ್ನಿಯ ಎಣ್ಣೆ ಗಂಟಿನ ಹೊರಗೆ ಇಳಿದಿತ್ತು. ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದ. ವಾರ್ಡನ್ ಹೊರಗೆ ಬಂದು ಯಾರು ನೀವು ಅಂದರು. ಅಪ್ಪ, “ಅವನ ಅಪ್ಪರಿ” ಅಂದ. ವಾರ್ಡನ್ ನನ್ನ ಕಡೆ ತಿರುಗಿದರು. “ನಿಮ್ಮಪ್ಪ ಸತ್ತಾನಂತ ಬರದೀಯಲ್ಲೋ?”

ನಾನು ನೆಲ ನೋಡಿದೆ. ಅಪ್ಪ ನನ್ನನ್ನು ನೋಡಿದ. ಎಷ್ಟು ಹೊತ್ತು ನೋಡಿದನೋ. ಆಮೇಲೆ ಹಲ್ಲು ಬಿಟ್ಟು ನಕ್ಕು, “ಇಲ್ರಿ ಸಾಹೇಬ್ರ, ನಾ ಅವಗ ಕಾಕಾರಿ. ಅವರಪ್ಪ ಹ್ವಾದ ಮ್ಯಾಲ ನಾನಽ ಜ್ವಾಕಿ ಮಾಡೀನಿ. ಹಂಗಾಗಿ ಅಪ್ಪ ಅಂತಾನ್ರಿ” ಅಂದ. ವಾರ್ಡನ್ನರಿಗೆ ಪಾಪ ಅನಿಸಿತು. ಒಳಗೆ ಕರೆದು ಅಪ್ಪನಿಗೆ ಚಹಾ ಕುಡಿಸಿದರು.

ಅವತ್ತಿನಿಂದ ಸಾಯುವ ತನಕ ಅಪ್ಪ ನನ್ನನ್ನು ಕಾಡಿದ್ದು ಇದೇ ಮಾತಿನಲ್ಲಿ. ನಾನು ಮಾಸ್ತರನಾಗಿ ಮೊದಲ ಪಗಾರ ತಂದ ದಿನ, “ಕಾಕಾಗ ಏನೂ ಇಲ್ಲೇನಪಾ?” ಅಂತ ಅಂಗೈ ಚಾಚಿದ. ನಮ್ಮವ್ವನಿಗೆ ಕಥೆ ಗೊತ್ತಿರಲಿಲ್ಲ. “ಇದೇನ್ ಹುಚ್ಚು ಹಿಡೀತು ಇವಗ?” ಅಂತಿದ್ದಳು.

ಅಪ್ಪನನ್ನು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ನಮ್ಮ ಬಂಡಾಯದ ಕಥೆ ಕವಿತೆಗಳಲ್ಲಿ ಕೇರಿಯ ಅಪ್ಪಂದಿರು ಬೆನ್ನು ಬಾಗಿಸಿ ದುಡಿಯುತ್ತಾರೆ, ಏಟು ತಿನ್ನುತ್ತಾರೆ, ಸಾಯುವಾಗ ಮಗನ ಕೈಯಲ್ಲಿ ಸಿಟ್ಟನ್ನು ಕೊಟ್ಟು ಹೋಗುತ್ತಾರೆ. ನಾನೂ ಅಂಥ ನಾಲ್ಕು ಪದ್ಯ ಬರೆದಿದ್ದೇನೆ. ಅವುಗಳಲ್ಲಿರುವ ಅಪ್ಪ ನಮ್ಮ ಮನೆಯವನಲ್ಲ. ನಮ್ಮ ಮನೆಯ ಅಪ್ಪ ಅವ್ವನ ಒಂದೇ ಒಂದು ಇಳಕಲ್ ಸೀರೆಯನ್ನು, ಮದುವೆಯದನ್ನು, ಅಡ ಇಟ್ಟು ಕುಡಿದ. ಅವ್ವ ಅಳುತ್ತಿದ್ದರೆ ಆ ಸೀರೆಯ ಸೆರಗಿನ ತೋಪಿನ ಬಗ್ಗೆಯೇ ಹಾಡು ಕಟ್ಟಿ ಹಾಡಿದ. ಆಕೆಗೆ ಅಳುವಿನ ನಡುವೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಕೊಳವಿಯಿಂದ ಹೊಡೆದಳು. ಹೊಡೆಸಿಕೊಂಡ. ಆ ಸೀರೆ ಮಾತ್ರ ತಿರುಗಿ ಬರಲಿಲ್ಲ.

ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅಕ್ಕಿ ಬೇಳೆ ಬೇಡ, ನಿಮ್ಮ ದುಶ್ಚಟವನ್ನು ಹಾಕಿರಿ ಅಂತ ಕೇರಿ ಕೇರಿ ತಿರುಗಿದರು. ಮಠದವರ ಮೇಲೆ ನನಗೆ ಇರುವ ಅನುಮಾನಗಳನ್ನು ಬದಿಗಿಟ್ಟು ಹೇಳುತ್ತೇನೆ, ಅದು ದೊಡ್ಡ ಕೆಲಸ. ಅವರು ಹುಟ್ಟಿದ ಆಗಸ್ಟ್ 1ನ್ನು ಈಗ ಸರಕಾರವೇ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಎಷ್ಟೋ ಮನೆಗಳಲ್ಲಿ ಅದರಿಂದ ಒಲೆ ಹೊತ್ತಿತು. ನನ್ನ ಅಪ್ಪ ಮೂರು ಸಲ ಆ ಜೋಳಿಗೆಗೆ ಚಟ ಹಾಕಿದ. ಮೂರನೆಯ ಸಲ ವಾರದೊಳಗೆ ತೂರಾಡುತ್ತ ಬಂದಾಗ ಅವ್ವ ಕೇಳಿದಳು. ಅಪ್ಪ ಅಂದ, “ಜೋಳಿಗಿ ಭಾಳ ದೊಡ್ಡದು. ಅದರಾಗ ನನ್ನ ಚಟಾ ಒಂದಽ ಕುಂದ್ರಾಕ ಅಂಜಿ ತಿರುಗಿ ಬಂತು.”

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ಜಾತ್ರೆ. ನಾಟಕ ಕಂಪನಿಗಳು ಅಲ್ಲಿ ತಿಂಗಳುಗಟ್ಟಲೆ ಡೇರೆ ಹಾಕುತ್ತವೆ. ನನಗೆ ಹತ್ತು ವರ್ಷವಿದ್ದಾಗ ಅಪ್ಪ ಗುಳೇದಗುಡ್ಡದ ಮೇಲೆ ಹಾಯ್ದು ಹೋಗುವ ಲಾರಿಯಲ್ಲಿ ನನ್ನನ್ನು ಕರೆದೊಯ್ದಿದ್ದ. ನೆಲದ ಕ್ಲಾಸು. ನಾಟಕದಲ್ಲಿ ಒಬ್ಬ ಕುಡುಕ ಅಪ್ಪ. ಅವನು ಬಂದಾಗೆಲ್ಲ ಡೇರೆ ಹಾರಿಹೋಗುವಂಥ ನಗು; ಎಲ್ಲರಿಗಿಂತ ಜೋರು ನಮ್ಮಪ್ಪನದು. ಮೂರನೆಯ ಅಂಕದಲ್ಲಿ ಆ ಕುಡುಕ ಹೆಂಡತಿಯ ಕಾಲು ಹಿಡಿದು ಸುಧಾರಿಸಿದ. ಜನ ಕಣ್ಣೊರೆಸಿಕೊಂಡರು. ನಮ್ಮಪ್ಪ ಎದ್ದು ನಿಂತು, “ಥೂ, ಕುಡಿಯೂದ ಬಿಟ್ಟ ಮ್ಯಾಲ ನಾಟಕದಾಗ ಏನ್ ಉಳೀತು, ನಡಿಯೋ” ಅಂತ ನನ್ನನ್ನು ಎಳೆದುಕೊಂಡು ಹೊರಬಂದ. ‘ತಿಥಿ’ಯ ಗಡ್ಡಪ್ಪ ಕೊನೆಯ ತನಕ ಸುಧಾರಿಸುವುದಿಲ್ಲ. ಅಪ್ಪ ಇದ್ದಿದ್ದರೆ ಅದಕ್ಕಾಗಿಯಾದರೂ ಈ ಚಿತ್ರವನ್ನು ಮೆಚ್ಚುತ್ತಿದ್ದ.

ಕೂಡಲಸಂಗಮ ನಮ್ಮ ಹುನಗುಂದ ತಾಲೂಕಿನಲ್ಲೇ ಇದೆ. ಬಸವಣ್ಣ ನಮ್ಮ ಮಾದಾರ ಚೆನ್ನಯ್ಯನನ್ನು ಅಪ್ಪ ಅಂತ ಕರೆದ ಅಂತ ವೇದಿಕೆ ಹತ್ತಿದಾಗಲೆಲ್ಲ ಹೇಳುತ್ತೇವೆ. ನಾನೂ ಹೇಳಿದ್ದೇನೆ, ಚಪ್ಪಾಳೆ ಗಿಟ್ಟಿಸಿದ್ದೇನೆ. ಬ್ರಾಹ್ಮಣನ ಮಗ ಮಾದಿಗನನ್ನು ಅಪ್ಪ ಅಂದದ್ದು ಸಣ್ಣ ಮಾತಲ್ಲ. ಆದರೆ ಮಾದರ ಮನೆಯಲ್ಲೇ ಹುಟ್ಟಿದ ನನ್ನ ಬಾಯಿಗೆ ಹಾಸ್ಟೆಲ್ಲಿನ ಬಾಗಿಲಲ್ಲಿ ಆ ಒಂದು ಶಬ್ದ ಬರಲಿಲ್ಲ.

ಈಗ ಹೊಲದ ಮಾತಿಗೆ ಬರುತ್ತೇನೆ. ಗಡ್ಡಪ್ಪ ಸಹಿ ಮಾಡುವುದಿಲ್ಲ. ನಮ್ಮಪ್ಪ ಒತ್ತು ಅಂದಲ್ಲಿ ಹೆಬ್ಬಟ್ಟು ಒತ್ತಿದ.

1972ರಲ್ಲಿ ಅಪ್ಪನಿಗೆ ಸರಕಾರದಿಂದ ಎರಡು ಎಕರೆ ಹತ್ತು ಗುಂಟೆ ಎರೆಹೊಲ ಮಂಜೂರಾಗಿತ್ತು. ಹದಿನೈದು ವರ್ಷ ಮಾರುವಂತಿಲ್ಲ ಅಂತ ಕರಾರು. ನಾನು ಬಾಗಲಕೋಟೆಗೆ ಹೋದ ವರ್ಷವೇ, 1984ರಲ್ಲಿ, ಅಪ್ಪ ಅದನ್ನು ಪಕ್ಕದ ಹೊಲದ ಸಾಹುಕಾರನಿಗೆ ಬರೆದುಕೊಟ್ಟ. ಎಷ್ಟಕ್ಕೆ ಅಂತ ಮೂರು ಜನ ಮೂರು ಲೆಕ್ಕ ಹೇಳುತ್ತಾರೆ. ನನ್ನ ಹಾಸ್ಟೆಲ್ಲಿನ ತಗಡಿನ ಟ್ರಂಕು ಅದೇ ವಾರ ಬಂತು. ಆ ಲೆಕ್ಕವನ್ನು ನಾನು ಹಾಕಲು ಹೋಗಿಲ್ಲ. ಕೇರಿಯಲ್ಲಿ, ಮನೆಯಲ್ಲಿ, ನನ್ನ ತಲೆಯಲ್ಲಿ ಕೂತ ಕಥೆ ಒಂದೇ: ಹೊಲ ಕುಡಿದು ಹಾಳು ಮಾಡಿದ.

ದೇವರಾಜ ಅರಸರ ಕಾಲದಲ್ಲಿ, 1978ರಲ್ಲಿ, ಒಂದು ಕಾಯ್ದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಕರಾರು ಮೀರಿ ಕೊಂಡರೆ, ಸರಕಾರದ ಅನುಮತಿ ಇಲ್ಲದೆ ಕೊಂಡರೆ, ಆ ವ್ಯವಹಾರವೇ ಶೂನ್ಯ. ಕೊಂಡವನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮಂಜೂರುದಾರನಿಗೆ ಅಥವಾ ವಾರಸುದಾರರಿಗೆ ಕೊಡಬೇಕು. ಕಚೇರಿಗಳಲ್ಲಿ ಪಿಟಿಸಿಎಲ್ ಅಂತ ಕರೆಯುವುದು ಇದನ್ನೇ. ಸಂಘಟನೆಯ ಒಂದು ಶಿಬಿರದಲ್ಲಿ ಈ ಕಾಯ್ದೆಯನ್ನು ಓದಿ ಹೇಳಿದಾಗ ನಾನು ಬೆಚ್ಚಿಬಿದ್ದೆ. ಇದನ್ನು ಬರೆದವರಿಗೆ ನನ್ನ ಅಪ್ಪ ಗೊತ್ತಿದ್ದ! ಅವನು ಮಾರುತ್ತಾನೆ, ಕುಡಿದು ಮಾರುತ್ತಾನೆ, ಹೆದರಿ ಮಾರುತ್ತಾನೆ, ಖುಷಿಯಿಂದ ಕೊಟ್ಟೆ ಅಂತಲೂ ಹೇಳುತ್ತಾನೆ. ಹಾಗಿದ್ದರೂ ಹೊಲ ಅವನದೇ, ಅಂತ ಮೊದಲೇ ಲೆಕ್ಕ ಹಿಡಿದು ಬರೆದಿದ್ದರು. ಭೀಮ ಜಯಂತಿಯಲ್ಲಿ ಸಾರಾಯಿ ವಿರುದ್ಧ ಗಂಟಲು ಹರಿಯುವಂತೆ ಕೂಗುತ್ತಿದ್ದ ನನ್ನ ಲೆಕ್ಕದಲ್ಲಿ ಅವನು ಇರಲಿಲ್ಲ. ಒಂದು ಸಲ ನನ್ನ ಭಾಷಣದ ನಡುವೆಯೇ ಅವನು ಹಿಂದಿನ ಸಾಲಿನಿಂದ ಕೂಗಿದ್ದ, “ಲಗೂನ ಮುಗಸೋ ಮಗನ, ಅಂಗಡಿ ಮುಚ್ಚತೈತಿ.”

1998ರಲ್ಲಿ ಅಪ್ಪನ ಹೆಬ್ಬಟ್ಟು ತಗೊಂಡು ಅರ್ಜಿ ಹಾಕಿದೆ. ಒತ್ತು ಅಂದೆ, ಒತ್ತಿದ. ಏನು ಅಂತ ಕೇಳಲಿಲ್ಲ. ವಿಚಾರಣೆಯ ದಿನ ನಾನು ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆ. ಅಪ್ಪ ಸಾಹುಕಾರನ ಜೀಪಿನಲ್ಲಿ ಬಂದಿಳಿದ. ಹೊಸ ಧೋತರ, ಹೊಸ ರುಮಾಲು.

ಅಧಿಕಾರಿಗಳು ಕೇಳಿದರು, “ಹೊಲ ನೀವಽ ಕೊಟ್ರೇನು?”

“ನಾನಽ ಕೊಟ್ಟೀನ್ರಿ ಸಾಹೇಬ್ರ. ಖುಷಿಲೆ ಕೊಟ್ಟೀನಿ. ಭಾಳ ದೊಡ್ಡ ಮನಸಿನವ್ರು ಅವರು.”

“ಮತ್ತ ಈ ಅರ್ಜಿ ಯಾರು ಹಾಕಿದ್ದು?”

ಅಪ್ಪ ನನ್ನ ಕಡೆ ಬೆರಳು ತೋರಿಸಿದ. “ಈ ಮಾಸ್ತರ್ರು.”

“ಇವರು ನಿಮಗ ಏನಾಗಬೇಕು?”

ಅಪ್ಪ ರುಮಾಲು ಸರಿಮಾಡಿಕೊಂಡ. ಅವನ ಹಲ್ಲು ಕಂಡ ಕೂಡಲೇ ನನಗೆ ಗೊತ್ತಾಯಿತು. “ನಾ ಇವರಿಗೆ ಕಾಕಾ ಆಗಬೇಕ್ರಿ. ಇವರಪ್ಪ ಯಾವತ್ತೋ ತೀರಿಕೊಂಡಾನ. ಹಾಸ್ಟೆಲ್ಲಿನ್ಯಾಗ ಬರದಾರ, ಬೇಕಂದ್ರ ತರಸಿ ನೋಡ್ರಿ.”

ಗುಮಾಸ್ತರಿಂದ ಹಿಡಿದು ಜವಾನನ ತನಕ ಎಲ್ಲರೂ ನಕ್ಕರು. ಸಾಹುಕಾರನೂ ನಕ್ಕ. ನಮ್ಮ ವಕೀಲರು ತಲೆ ಮೇಲೆ ಕೈ ಇಟ್ಟುಕೊಂಡರು. ಹದಿನಾಲ್ಕು ವರ್ಷ ಕಾಯ್ದು ಹೊಡೆದಿದ್ದ. ಆದೇಶ ಬಂದಾಗ ಮಾತ್ರ ನಮ್ಮ ಕಡೆಗೇ ಬಂತು. ಖುಷಿಯಿಂದ ಕೊಟ್ಟನೋ ದುಃಖದಿಂದ ಕೊಟ್ಟನೋ ಕಾಯ್ದೆಗೆ ಬೇಕಾಗಿಲ್ಲ, ವ್ಯವಹಾರ ಶೂನ್ಯ ಅಂತ. ಸಾಹುಕಾರ ಮೇಲಕ್ಕೆ ಹೋದ. ಅಲ್ಲಿಂದ ಇನ್ನೂ ಮೇಲಕ್ಕೆ. ಹೊಲ ಅವನ ಕೈಯಲ್ಲೇ ಉಳಿಯಿತು.

ಬಾಗಲಕೋಟೆಯ ಸುತ್ತ ಆ ವರ್ಷಗಳಲ್ಲಿ ಇನ್ನೊಂದು ದೊಡ್ಡ ‘ತಿಥಿ’ ನಡೆಯುತ್ತಿತ್ತು. ಆಲಮಟ್ಟಿಯ ಹಿನ್ನೀರು ಏರುತ್ತಿತ್ತು. ಹಳೆಯ ಪೇಟೆಯ ಓಣಿಗಳು ಖಾಲಿಯಾಗಿ ಜನ ನವನಗರದ ಸೆಕ್ಟರುಗಳಿಗೆ ಗಂಟು ಹೊತ್ತರು. ಪರಿಹಾರದ ಚೆಕ್ಕಿಗೆ ಮುದುಕರ ಸಹಿ ಬೇಕಾಯಿತು. ಅಲ್ಲಿಯ ತನಕ ಪಡಸಾಲೆಯ ಮೂಲೆಯಲ್ಲಿ ಕೆಮ್ಮುತ್ತಿದ್ದ ಅಪ್ಪಂದಿರಿಗೆ ಒಮ್ಮೆಲೇ ಕುರ್ಚಿ ಬಂತು, ಬೈಕಿನ ಮೇಲೆ ಸವಾರಿ ಬಂತು. ಅಣ್ಣತಮ್ಮಂದಿರು ಪಾಲಿಗೆ ಕೋರ್ಟು ಹತ್ತಿದರು. ತಮ್ಮಣ್ಣ ಒಂದೊಂದು ಊರಿನಲ್ಲಿ ಹತ್ತು ಜನ ಇದ್ದರು. ನಾವು ಕೇರಿಯವರು ದೂರ ನಿಂತು ನೋಡಿದೆವು. ಮುಳುಗಿದ ಹೊಲವನ್ನು ಅಳೆದರು, ಅದರಲ್ಲಿ ಮುಳುಗಿದ ಕೂಲಿಯನ್ನು ಯಾರೂ ಅಳೆಯಲಿಲ್ಲ. ನಾನಿದ್ದ ಹಾಸ್ಟೆಲ್ಲಿನ ಆ ಹಳೆಯ ಕಟ್ಟಡವೂ ನೀರಿಗೆ ಹೋಯಿತು. ನಾನು ಬರೆದ ಅರ್ಜಿಯೂ ಹೋಗಿರಬೇಕು.

ಚಿತ್ರದ ನಡುವೆ ಒಂದು ರಾತ್ರಿ ಬರುತ್ತದೆ. ಗಡ್ಡಪ್ಪ ಕುರಿಯವರ ಬೆಂಕಿಯ ಮುಂದೆ ಕೂತು ತನ್ನ ಜೀವನದ ಕಥೆ ಹೇಳುತ್ತಾನೆ. ತನ್ನ ಹೆಂಡತಿ, ತನ್ನ ಹೆತ್ತ ಅಪ್ಪ, ಅವರಿಬ್ಬರ ನಡುವಿನ ಸಂಗತಿ. ಇವನು ಯಾಕೆ ಮನೆ ಬಿಟ್ಟು ಬದು ಹಿಡಿದ, ಯಾಕೆ ಆ ಹೊಲ ಬೇಡವಾಯಿತು ಅಂತ ಆಗ ತಿಳಿಯುತ್ತದೆ. ಮಗನಿಗೆ ಹೇಳದ್ದನ್ನು ದಾರಿಹೋಕರಿಗೆ ಹೇಳುತ್ತಾನೆ. ನಮ್ಮ ಗುಂಪು ಆಗ ಪಿಟ್ಟೆನ್ನಲಿಲ್ಲ.

ನಮ್ಮಪ್ಪ 2009ರಲ್ಲಿ ಸತ್ತ. ಅಷ್ಟರಲ್ಲಿ ಸಾರಾಯಿ ನಿಷೇಧವಾಗಿ ಎರಡು ವರ್ಷ ಆಗಿತ್ತು. 2007ರ ಜುಲೈಯಲ್ಲಿ ಪಾಕೀಟು ಹೋಗಿ ಕ್ವಾರ್ಟರು ಬಂದಿತ್ತು, ಅಷ್ಟೇ ವ್ಯತ್ಯಾಸ. ಹಲಗಿಯವನ ಹೆಣಕ್ಕೆ ಹಲಗಿ ಬಾರಿಸಲು ಪಕ್ಕದ ಊರಿನವರು ಬರಬೇಕಾಯಿತು. ಮೂರನೆಯ ದಿನ ಒಬ್ಬ ಹಾಲುಮತದ ಮುದುಕ ಕಂಬಳಿ ಹೊದ್ದುಕೊಂಡು ಬಂದ. ಎರೆ ಸೀಮೆಯಲ್ಲಿ ಕುರಿ ನಿಲ್ಲಿಸುವವನು. ಅಪ್ಪನಿಗೆ ಹಳೆಯ ಗೆಳೆಯನಂತೆ, ನಮಗೆ ಗೊತ್ತೇ ಇರಲಿಲ್ಲ. ಅವನು ಹೇಳಿದ:

“ಆ ಹೊಲಕ್ಕ ಹಾದೀನಽ ಇರಲಿಲ್ಲಪಾ. ಸಾವಕಾರನ ಹೊಲದ ಮ್ಯಾಲ ಹಾಯ್ದು ಹೋಗಬೇಕಿತ್ತು. ಒಂದ್ ವರ್ಸ ಬಿತ್ತಿಗಿ ಹೊತ್ತಿನ್ಯಾಗ ಹಾದಿಗೆ ಜಾಲಿ ಕಂಟಿ ಬಡದ್ರು. ನಿಮ್ಮಪ್ಪ ಕೂರಿಗಿ ಹೆಗಲ ಮ್ಯಾಲ ಹೊತಗೊಂಡು ದಾಟಾಕ ಹ್ವಾದ. ಎತ್ತು ಬಿಚ್ಚಿ ಓಡಿಸಿದ್ರು, ಇವನ್ನ ಕಂಬಕ್ಕ ಕಟ್ಟಿದ್ರು. ಸಂಜಿಕ ಬಿಟ್ರು. ನನ್ನ ಹಟ್ಟಿಗೆ ಬಂದು ಅತ್ತ. ನನ್ನ ಮಗನ ಮುಂದ ಹೇಳಬ್ಯಾಡ, ಅಂವ ಓದಾಕ ಹೊಂಟಾನ, ತಿರುಗಿ ಬಂದು ಕೊಡ್ಲಿ ಹಿಡೀತಾನ ಅಂದ. ಎಂಟ್ ದಿನದಾಗ ಬರದ್ ಕೊಟ್ಟ.”

ಕುಡಿದು ಹೊಲ ಹಾಳು ಮಾಡಿದ ಅನ್ನುವ ಕಥೆಯನ್ನು ಇಪ್ಪತ್ತೈದು ವರ್ಷ ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಶಾಲೆಯ ಮಕ್ಕಳಿಗೂ ಹೇಳಿದ್ದೆ, ಬುದ್ಧಿ ಬರಲಿ ಅಂತ. ಮುದುಕ ಹೇಳಿದ್ದರಿಂದ ಅವ್ವನ ಸೀರೆ ತಿರುಗಿ ಬರುವುದಿಲ್ಲ. ಅಪ್ಪ ಒಳ್ಳೆಯವನಾಗುವುದೂ ಇಲ್ಲ. ಹೊಲ ಹೋಗುವ ಮೊದಲೂ ಕುಡಿಯುತ್ತಿದ್ದ, ಹೋದ ಮೇಲೂ ಕುಡಿದ. ಆದರೆ ಖುಷಿಯಿಂದ ಕೊಟ್ಟೆ ಅಂತ ಕಟಕಟೆಯಲ್ಲಿ ಅಂದನಲ್ಲ, ಆಗ ಅವನು ಸಾಹುಕಾರನಿಗೆ ಹೆದರಿದ್ದನೋ, ಧೋತರಕ್ಕೆ ಆಸೆಪಟ್ಟಿದ್ದನೋ, ಕಂಬಕ್ಕೆ ಕಟ್ಟಿದ್ದನ್ನು ಮಗನ ಎದುರಿಗೆ ಹೇಳಲು ನಾಚಿದ್ದನೋ, ನನ್ನ ಮೇಲೆ ಸೇಡು ತೀರಿಸಿಕೊಂಡನೋ, ಗೊತ್ತಾಗಲಿಲ್ಲ. ನಾಲ್ಕೂ ಇರಬಹುದು.

ಹುಡುಗರು ಗಡ್ಡಪ್ಪನನ್ನು ಬಹಳ ಮೆಚ್ಚಿದರು. “ಎಂಥಾ ಫ್ರೀ ಮನಷ್ಯಾ ನೋಡ್ರಿ ಸರ” ಅಂದರು. ನಾನು ಚಿತ್ರವನ್ನು ಹೀಗಳೆಯುವುದಿಲ್ಲ. ನನ್ನ ಬಾಯಿ ಬಿಡಿಸಿದ ಚಿತ್ರ ಅದು. ಆದರೆ ಹುಡುಗರಿಗೆ ಒಂದು ಮಾತು ಹೇಳಿದೆ. ಗಡ್ಡಪ್ಪ ಯಾರ ಹೊಲದ ಬದುವಿನ ಮೇಲೆ ನಡೆದರೂ ಯಾಕೆ ಬಂದಿ ಅಂತ ಯಾರೂ ಕೇಳುವುದಿಲ್ಲ. ಕುಡಿದು ಎಲ್ಲಿ ಮಲಗಿದರೂ ಅವನು ಗೌಡನೇ. ಬೇಡ ಅನ್ನುವುದಕ್ಕೆ ಐದು ಎಕರೆ ಇದೆ, ಸಹಿ ಮಾಡು ಅಂತ ಹಿಂದೆ ಹಿಂದೆ ತಿರುಗುವ ಮಗನಿದ್ದಾನೆ. ಎತ್ತು ಹೊಡೆದುಕೊಂಡು ತನ್ನ ಹೊಲಕ್ಕೇ ಹೋಗಲು ಹಾದಿ ಇಲ್ಲದವನು ತಿರುಗಾಡಿದರೆ ಅದಕ್ಕೆ ಊರಲ್ಲಿ ಬೇರೆ ಹೆಸರು. ಹುಡುಗರಲ್ಲಿ ಒಬ್ಬ ಒಪ್ಪಲಿಲ್ಲ. “ನಿಮ್ಮಪ್ಪನೂ ನಗತಿದ್ನಲ್ರಿ ಸರ” ಅಂದ. ಹೌದು, ನಗುತ್ತಿದ್ದ. ಆ ಹುಡುಗನಿಗೆ ಉತ್ತರ ಕೊಡುವುದು ನನ್ನಿಂದ ಆಗಲಿಲ್ಲ.

ಅಪ್ಪ ಸತ್ತ ಮೇಲೆ ಕೇಸಿನಲ್ಲಿ ವಾರಸುದಾರರ ಹೆಸರು ಸೇರಿಸಬೇಕಾಯಿತು. ವಕೀಲರು ಮರಣ ಪ್ರಮಾಣಪತ್ರ ತಾ ಅಂದರು. ಮನೆಯಲ್ಲಿ ಸತ್ತವನು, ಯಾರೂ ಬರೆಸಿರಲಿಲ್ಲ. ವರ್ಷ ದಾಟಿಹೋಗಿತ್ತು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ತಮ್ಮಣ್ಣ ಬದುಕಿದ ಅಪ್ಪನಿಗೆ ದಿನಗಳಲ್ಲಿ ಪಡೆದ ಕಾಗದವನ್ನು ನಾನು ಸತ್ತ ಅಪ್ಪನಿಗೆ ಪಡೆಯಲು ಹದಿನಾಲ್ಕು ತಿಂಗಳು ತಿರುಗಿದೆ. ಸಾಕ್ಷಿ ಹೇಳಲು ಆ ಕುರಿಯವನೇ ಬಂದ. ಸತ್ತವನು ನಿಮಗೆ ಏನಾಗಬೇಕು ಅಂತ ಕೇಳಿದಾಗ, ಅಪ್ಪ ಅಂದೆ. ಇಪ್ಪತ್ತಾರು ವರ್ಷ ತಡವಾಗಿತ್ತು.

ಕೇಸು ಮುಗಿದಿಲ್ಲ. ಇಂಥ ಅರ್ಜಿಗಳನ್ನು ನ್ಯಾಯವಾದ ಅವಧಿಯೊಳಗೆ ಹಾಕಬೇಕು, ಬಹಳ ತಡವಾದವು ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಿತು. ಅದನ್ನು ಹಿಡಿದು ಮರುವರ್ಷ ನಮ್ಮದನ್ನೂ ವಜಾ ಮಾಡಿದರು. ಹಾದಿಗೆ ಕಂಟಿ ಬಡಿದವರಿಗೆ ಕಾಲಮಿತಿ ಇರಲಿಲ್ಲ, ಕೇಳಲು ಹೋದವನಿಗೆ ಬಂತು. ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸೇರಿಸಿತು. ನಾವು ಮತ್ತೆ ಹಾಕಿದ್ದೇವೆ. ಸಾಹುಕಾರನೂ ಸತ್ತಿದ್ದಾನೆ, ಈಗ ಅವನ ಇಬ್ಬರು ಮಕ್ಕಳು ಎದುರುದಾರರು. ಅವರಲ್ಲೂ ಆ ಹೊಲದ ಪಾಲಿಗೆ ಜಗಳವಿದೆಯಂತೆ.

ಕಳೆದ ವಾಯಿದೆಗೆ ಹೋದಾಗ ದೊಡ್ಡ ಮಗ ಹೊರಗೆ ಚಹಾದ ಅಂಗಡಿಯಲ್ಲಿ ಸಿಕ್ಕ. “ಮಾಸ್ತರ್ರ, ಒಂದ್ ಸಹಿ ಮಾಡ್ರಿ, ಎಷ್ಟೋ ಒಂದು ಮಾತಾಡೂಣು” ಅಂದ. ನಾನು ಹಾದಿಯ ಮಾತು ತೆಗೆದೆ. ಯಾವ ಹಾದಿ ಅಂದ. ಅವನಿಗೆ ನಿಜವಾಗಿಯೂ ಗೊತ್ತಿಲ್ಲವೋ ಏನೋ. ಮುಂದಿನ ವಾಯಿದೆ ಬರುವ ತಿಂಗಳು ಇದೆ, ಕುರಿಯವನು ಇನ್ನೂ ಬದುಕಿದ್ದಾನೆ.